ನೀಲಿ ಕಡಲ ಮನೆ: ಕೇಳಿದ್ದು, ಅನ್ನಿಸಿದ್ದು

ಹಿಂದಿನ ಸಂಚಿಕೆಯ ಪುಸ್ತಕ ಪರಿಚಯವನ್ನು ಓದಿದ ನಮ್ಮ ಕೆಲವು ಸದಸ್ಯರು ಒಂದು ತಕರಾರು ತೆಗೆದಿದ್ದಾರೆ. "ನೀವು ಹೇಳುವ ಪುಸ್ತಕಗಳೆಲ್ಲ ಪುರಸೊತ್ತಿರುವವರಿಗೆ. ದಿನವಿಡೀ ಅಂಗಡಿಯಲ್ಲಿ ನಿಂತು ಬಂದ ಮೇಲೆ ಕಣ್ಣಿಗೆ ಅಕ್ಷರ ಹತ್ತುವುದಿಲ್ಲ. ಕಿವಿಗೆ ಏನಾದರೂ ಇದ್ದರೆ ಹೇಳಿ" ಎಂಬುದು ಅವರ ಅಂಬೋಣ. ನ್ಯಾಯವಾದ ಮಾತು. ಆದ್ದರಿಂದ ಈ ಸಲ ಓದಿದ ಪುಸ್ತಕದ ಬದಲು ಕೇಳಿದ ಪುಸ್ತಕವೊಂದರ ಬಗ್ಗೆ ಬರೆಯುತ್ತಿದ್ದೇವೆ. ಪುಸ್ತಕ ಇಂಗ್ಲಿಷಿನದು. ಅದರಲ್ಲಿರುವುದು ಇಬ್ಬರು ಗಂಡಸರ ಪ್ರೇಮದ ಕಥೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಓದಬೇಕೋ, ಪುಟ ಮಗುಚಬೇಕೋ ಎಂಬುದು ತಮಗೆ ಬಿಟ್ಟದ್ದು. ಓದಿದರೆ ನಮಗೆ ಸಂತೋಷ.

ಪುಸ್ತಕದ ಹೆಸರು 'ದಿ ಹೌಸ್ ಇನ್ ದಿ ಸೆರೂಲಿಯನ್ ಸೀ'. ನಮ್ಮ ಬಾಯಿಗೆ ಸುಲಭವಾಗುವಂತೆ 'ನೀಲಿ ಕಡಲ ಮನೆ' ಎನ್ನೋಣ. ಬರೆದವರು ಅಮೆರಿಕದ ಟಿ.ಜೆ. ಕ್ಲೂನ್. ಪ್ರಕಟವಾದದ್ದು 2020ರ ಮಾರ್ಚಿನಲ್ಲಿ. ಆಡಿಯೋ ಪುಸ್ತಕಕ್ಕೆ ದನಿ ಕೊಟ್ಟವರು ಡೇನಿಯಲ್ ಹೆನ್ನಿಂಗ್. ಆದಿಯಿಂದ ಅಂತ್ಯದವರೆಗೆ 12 ಗಂಟೆಗೂ ಸ್ವಲ್ಪ ಹೆಚ್ಚು. 2021ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದ ಅಲೆಕ್ಸ್ ಪ್ರಶಸ್ತಿ ಇದಕ್ಕೆ ಬಂತು. ದೊಡ್ಡವರಿಗಾಗಿ ಬರೆದು ಹದಿಹರೆಯದವರಿಗೂ ಹಿಡಿಸುವ ಪುಸ್ತಕಗಳಿಗೆ ಕೊಡುವ ಬಹುಮಾನ ಅದು.

ನಾವು ಇದನ್ನು ಕೇಳಿದ್ದು ನೈಫ್ ಸೂಕಿನ ಹಿಂದಿನ ಓಣಿಯ ಒಂದು ರೂಮಿನಲ್ಲಿ, ವಾರಕ್ಕೊಮ್ಮೆ, ಹತ್ತು ವಾರ. ಒಂದು ಫೋನು, ಅಂಗೈಯಷ್ಟು ದೊಡ್ಡ ಸ್ಪೀಕರು, ಒಂದು ಪಾತ್ರೆ ಸುಲೈಮಾನಿ. ಕುಳಿತವರು ಆರೇಳು ಮಂದಿ. ಮೇಲಿನ ಮಂಚದಲ್ಲಿ ಪರದೆ ಎಳೆದುಕೊಂಡು ರಾತ್ರಿ ಪಾಳಿಯವರೊಬ್ಬರು ಮಲಗಿರುತ್ತಿದ್ದರು. ಅವರ ನಿದ್ದೆ ಕೆಡದಂತೆ ಸ್ವರ ತಗ್ಗಿಸಿಡುತ್ತಿದ್ದೆವು. ನಾಲ್ಕನೆಯ ವಾರ ಅವರು ಪರದೆಯ ಒಳಗಿನಿಂದಲೇ "ಅಲ್ಲ, ಆ ಗುಂಡಿ ಕೂಡಿಡುವ ಹಾವಿನ ಮರಿ ಏನಾಯಿತು? ಕಳೆದ ವಾರ ನನಗೆ ಡ್ಯೂಟಿ ಇತ್ತು" ಎಂದು ಕೇಳಿದಾಗ ನಮಗೆ ಗೊತ್ತಾಯಿತು, ನಿದ್ದೆ ಎಂದೋ ಹೋಗಿದೆ ಎಂದು.

ಕೇಳುವ ಚಪಲ ನಮಗೇನೂ ಹೊಸದಲ್ಲ. ಗಲ್ಫಿಗೆ ಮೊದಲು ಬಂದವರು ಪತ್ರ ಬರೆಯಲು ಬಾರದಿದ್ದಾಗ, ಬರೆದು ತೃಪ್ತಿಯಾಗದಿದ್ದಾಗ, ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಊರಿನಿಂದ ಮಾಸ್ಟರ್ ಹಿರಣ್ಣಯ್ಯನವರ ನಾಟಕದ ಕ್ಯಾಸೆಟ್ಟುಗಳು ಬರುತ್ತಿದ್ದವು. ಟೇಪು ಸವೆದು ದನಿ ಗೊಗ್ಗರಾಗುವವರೆಗೂ ರೂಮಿನಿಂದ ರೂಮಿಗೆ ತಿರುಗುತ್ತಿದ್ದವು. ಅದಕ್ಕೂ ಹಿಂದೆ ನಮ್ಮ ಕರಾವಳಿಯವರಿಗೆ ತಾಳಮದ್ದಳೆ ಇತ್ತು. ವೇಷವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನಲ್ಲಿ ಕುಳಿತ ಅರ್ಥಧಾರಿಯೇ ಕೃಷ್ಣ, ಅವರೆದುರು ಕುಳಿತವರೇ ಕೌರವ. ಬಾಯಿಮಾತಿನಲ್ಲೇ ರಾತ್ರಿ ಬೆಳಗಾಗುತ್ತಿತ್ತು. ಆಡಿಯೋ ಪುಸ್ತಕವೆಂದರೆ ಏನು ಎಂದು ಕೇಳಿದ ಹಿರಿಯರೊಬ್ಬರಿಗೆ ನಾವು ಕೊಟ್ಟ ಉತ್ತರ, "ಒಬ್ಬರೇ ಕೂತು ಮಾಡುವ ತಾಳಮದ್ದಳೆ". ಅವರಿಗೆ ಕೂಡಲೇ ಅರ್ಥವಾಯಿತು.

ಆ ಹೋಲಿಕೆ ನಾವು ನೆನೆಸಿದ್ದಕ್ಕಿಂತ ಹೆಚ್ಚು ನಿಜವಾಯಿತು. ಕುಳಿತವರಲ್ಲಿ ಅರ್ಧ ಜನಕ್ಕೆ ಆ ವೇಗದ ಇಂಗ್ಲಿಷು ಹತ್ತುತ್ತಿರಲಿಲ್ಲ. ಆದ್ದರಿಂದ ನಮ್ಮ ಯುವ ಸದಸ್ಯರೊಬ್ಬರು ಎರಡು ಮೂರು ನಿಮಿಷಕ್ಕೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತ ಹೋದರು. ಹೆನ್ನಿಂಗ್ ಭಾಗವತರಾದರು, ನಮ್ಮವರು ಅರ್ಥಧಾರಿಯಾದರು. ಭಾಗವತರು ಹೇಳಿದ್ದಕ್ಕಿಂತ ಅರ್ಥಧಾರಿ ಸ್ವಲ್ಪ ಜಾಸ್ತಿ ಹೇಳುವುದು ನಮ್ಮ ಸಂಪ್ರದಾಯ. ಅದನ್ನೂ ಅವರು ಬಿಡಲಿಲ್ಲ.

ಕಥೆಯ ನಾಯಕ ಲೈನಸ್ ಬೇಕರ್ ಎಂಬ ಸರ್ಕಾರಿ ನೌಕರ. ವಯಸ್ಸು ನಲವತ್ತು, ಹೊಟ್ಟೆ ಮುಂದೆ ಬಂದಿದೆ, ರಕ್ತದೊತ್ತಡವಿದೆ. ಮನೆಯಲ್ಲಿ ಕ್ಯಾಲಿಯೊಪಿ ಎಂಬ ಜಂಬದ ಬೆಕ್ಕು, ಒಂದು ಹಳೆಯ ಗ್ರಾಮಫೋನು, ಅಷ್ಟೇ. ಮಾಂತ್ರಿಕ ಶಕ್ತಿಯುಳ್ಳ ಅನಾಥ ಮಕ್ಕಳನ್ನು ನೋಡಿಕೊಳ್ಳುವ ಇಲಾಖೆಯೊಂದರಲ್ಲಿ ಅವನ ಕೆಲಸ. ಅನಾಥಾಲಯಗಳಿಗೆ ಹೋಗಿ ತಪಾಸಣೆ ಮಾಡಿ ವರದಿ ಬರೆಯುವುದು. ನಿಯಮಾವಳಿಯ ದಪ್ಪ ಪುಸ್ತಕ ಸದಾ ಬಗಲಲ್ಲಿ. ಮೇಜಿನ ಮೇಲೆ ಸಮುದ್ರ ತೀರದ ಚಿತ್ರವಿರುವ ಮೌಸ್ ಪ್ಯಾಡು ಒಂದೇ ಅವನ ಬಣ್ಣ. ಒಂದು ದಿನ ಮೇಲಿನವರು ಕರೆದು, ಒಂದು ತಿಂಗಳ ಮಟ್ಟಿಗೆ ಮಾರ್ಸಿಯಾಸ್ ಎಂಬ ದ್ವೀಪಕ್ಕೆ ಹೋಗು, ಅಲ್ಲಿನ ಅನಾಥಾಲಯವನ್ನು ಮುಚ್ಚಬೇಕೋ ಬಿಡಬೇಕೋ ನೋಡಿ ವಾರಕ್ಕೊಂದು ವರದಿ ಕಳಿಸು ಎನ್ನುತ್ತಾರೆ. ಅವರ ಪದವಿಯ ಹೆಸರೇ 'ಅತ್ಯಂತ ಉನ್ನತ ಆಡಳಿತ ವರ್ಗ'. ಈ ಹೆಸರಿಗೆ ನಮ್ಮ ರೂಮಿನಲ್ಲಿ ಎದ್ದ ನಗು ಕಡಿಮೆಯಾಗಲು ಐದು ನಿಮಿಷ ಹಿಡಿಯಿತು. ಎಲ್ಲರಿಗೂ ತಂತಮ್ಮ ಮುದೀರನ ನೆನಪಾಗಿರಬೇಕು.

ದ್ವೀಪದ ಮನೆಯಲ್ಲಿ ಆರು ಮಕ್ಕಳು. ತಾಲಿಯಾ ಗಡ್ಡವಿರುವ ಹುಡುಗಿ, ತೋಟ ಅವಳ ಪ್ರಾಣ, ಬಂದವರನ್ನು ಅದೇ ತೋಟದಲ್ಲಿ ಹೂಳುತ್ತೇನೆಂದು ಗುದ್ದಲಿ ತೋರಿಸುತ್ತಾಳೆ. ಫೀ ಕಾಡಿನ ಚೇತನ. ಸಾಲ್ ಹೆದರಿದರೆ ಪುಟ್ಟ ನಾಯಿಮರಿಯಾಗಿಬಿಡುವ ಹುಡುಗ. ಒಂದು ಅನಾಥಾಲಯದಿಂದ ಇನ್ನೊಂದಕ್ಕೆ ಅಟ್ಟಿಸಿಕೊಂಡು ಬಂದವನು, ಬಟ್ಟೆಬೀರುವಿನ ಒಳಗೆ ಬೆರಳಚ್ಚು ಯಂತ್ರ ಇಟ್ಟುಕೊಂಡು ಕವಿತೆ ಬರೆಯುತ್ತಾನೆ. ಥಿಯೊಡೋರ್ ರೆಕ್ಕೆಯಿರುವ ಸಣ್ಣ ಡ್ರ್ಯಾಗನ್ ಜಾತಿಯ ಮರಿ, ನಮ್ಮ ಅರ್ಥಧಾರಿಯ ಬಾಯಲ್ಲಿ ಅದು 'ರೆಕ್ಕೆಯ ಹಾವು' ಆಯಿತು. ಅಂಗಿಯ ಗುಂಡಿಗಳನ್ನು ಸೋಫಾದ ಕೆಳಗೆ ನಿಧಿಯಂತೆ ಕೂಡಿಡುತ್ತದೆ. ಲೂಸಿ ಆರು ವರ್ಷದ ಹುಡುಗ, ಪೂರ್ಣ ಹೆಸರು ಲೂಸಿಫರ್, ಸಾಕ್ಷಾತ್ ಸೈತಾನನ ಮಗ. ನಮ್ಮ ಕ್ರೈಸ್ತ ಸದಸ್ಯರು ಇಲ್ಲಿ ಸ್ವಲ್ಪ ಹುಬ್ಬು ಗಂಟಿಕ್ಕಿದರು. ಆದರೆ ಆ ಹುಡುಗ ಲೋಕವನ್ನೇ ಸುಡುತ್ತೇನೆಂದು ಹೆದರಿಸಿ, ಮರುಗಳಿಗೆಯಲ್ಲಿ ಹಳೆಯ ಹಾಡಿನ ತಟ್ಟೆ ಹಾಕಿ ಕುಣಿದು, ರಾತ್ರಿ ದುಃಸ್ವಪ್ನಕ್ಕೆ ಕಿರುಚಿ ಎದ್ದು ಕುಳಿತದ್ದನ್ನು ಕೇಳಿದ ಮೇಲೆ ಅವರೇ ಅವನ ವಕೀಲರಾದರು. ಇನ್ನು ತುಳುನಾಡಿನವರಿಗಂತೂ ಉಗ್ರ ಸ್ವಭಾವದವರನ್ನು ಮನೆಯ ಅಂಗಳದಲ್ಲೇ ಇಟ್ಟುಕೊಂಡು, ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ, ಅವರಿಂದ ಕಾಪಾಡಿಸಿಕೊಳ್ಳುವುದು ತಲೆಮಾರುಗಳ ಅಭ್ಯಾಸ. ಗುಳಿಗನನ್ನು ನಂಬಿದವರಿಗೆ ಲೂಸಿ ಎಷ್ಟರವನು?

ಎಲ್ಲರಿಗಿಂತ ನಮ್ಮ ಮನಸ್ಸು ಗೆದ್ದವನು ಚಾನ್ಸಿ. ಹಸಿರು ಲೋಳೆಯ ಮುದ್ದೆಯಂಥ ಜೀವ. ಏನು ಜಾತಿಯೆಂದು ಯಾರಿಗೂ ಗೊತ್ತಿಲ್ಲ. ರಾಕ್ಷಸರು ಮಂಚದ ಕೆಳಗೆ ಅಡಗಬೇಕೆಂದು ಯಾರೋ ಹೇಳಿದ್ದಾರೆ, ಅದಕ್ಕೇ ಪಾಪ ಅಡಗುತ್ತಾನೆ. ಅವನ ಜೀವನದ ಆಸೆ ಒಂದೇ: ಹೋಟೆಲಿನಲ್ಲಿ ಬೆಲ್ ಬಾಯ್ ಆಗಬೇಕು. ಬಂದವರ ಪೆಟ್ಟಿಗೆ ಹೊರಬೇಕು, ಟೋಪಿ ಹಾಕಿಕೊಳ್ಳಬೇಕು. ಊರಿನ ಹೋಟೆಲಿನವನೊಬ್ಬ ತನ್ನ ಟೋಪಿಯನ್ನು ತೆಗೆದು ಇವನಿಗೆ ಕೊಡುವ ಪ್ರಸಂಗ ಬಂದಾಗ, ದೇರಾದ ಹೋಟೆಲೊಂದರಲ್ಲಿ ಹನ್ನೊಂದು ವರ್ಷ ಪೆಟ್ಟಿಗೆ ಹೊತ್ತ ನಮ್ಮ ಸದಸ್ಯರು ಎದ್ದು ಬಾಲ್ಕನಿಗೆ ಹೋದರು. ಬೀಡಿ ಸೇದಲು ಎಂದು ಹೇಳಿದರು. ಅವರು ಬೀಡಿ ಬಿಟ್ಟು ಆರು ವರ್ಷವಾಗಿದೆ.

ಈ ಮಕ್ಕಳನ್ನು ಸಾಕುವ ಯಜಮಾನ ಆರ್ಥರ್ ಪಾರ್ನಾಸಸ್. ಸಪೂರ ಆಳು, ಪ್ಯಾಂಟು ಗಿಡ್ಡ, ಮಾತು ಮೆದು. ಅವನಿಗೊಂದು ಗುಟ್ಟಿದೆ. ಅದನ್ನು ಇಲ್ಲಿ ಹೇಳಿ ಮುಂದೆ ಕೇಳುವವರಿಗೆ ರಸಭಂಗ ಮಾಡುವುದಿಲ್ಲ. ತಪಾಸಣೆಗೆ ಬಂದ ಲೈನಸನಿಗೂ ಆರ್ಥರನಿಗೂ ನಡುವೆ ನಿಧಾನವಾಗಿ, ಬಹಳ ನಿಧಾನವಾಗಿ, ಏನೋ ಒಂದು ಬೆಳೆಯುತ್ತದೆ. ಕಥೆ ಮುಗಿಯುವ ಹೊತ್ತಿಗೆ ಒಂದು ಮುತ್ತು. ಅದಕ್ಕಿಂತ ಮುಂದೆ ಪುಸ್ತಕ ಹೋಗುವುದಿಲ್ಲ. ಅಪ್ಪ ಅಮ್ಮನ ಎದುರು ಕೂತು ಕೇಳಬಹುದಾದಷ್ಟು ಸಭ್ಯ.

ಅರ್ಥಧಾರಿಯ ನಿಜವಾದ ಪರೀಕ್ಷೆ ಇಲ್ಲಿ ನಡೆಯಿತು. ಬೇರೆ ಎಲ್ಲ ಕಡೆ ತಡವರಿಸದೆ ಬಂದ ಕನ್ನಡ ಇಲ್ಲಿ ನಿಂತಿತು. ಏನೆಂದು ಹೇಳುವುದು? ನಮ್ಮ ಪತ್ರಿಕೆಗಳು ಬಹುಕಾಲ ಬಳಸಿದ ಪದ 'ಸಲಿಂಗಕಾಮ'. ಅದರಲ್ಲಿ ಲಿಂಗವೂ ಇದೆ, ಕಾಮವೂ ಇದೆ. ಲೈನಸ್ ತನ್ನ ಬೆಕ್ಕಿನ ಬುಟ್ಟಿ ಹಿಡಿದು ದ್ವೀಪದ ಬಾಗಿಲಲ್ಲಿ ನಿಂತಾಗ ಇದ್ದ ಅಂಜಿಕೆ ಅದರಲ್ಲಿ ಇಲ್ಲ, ಆರ್ಥರ್ ಬಡಿಸುವಾಗ ಇದ್ದ ಗಮನ ಇಲ್ಲ. ಗಂಡು ಹೆಣ್ಣಿನ ಪ್ರೇಮಕ್ಕೆ ಯಾರಾದರೂ 'ವಿಲಿಂಗಕಾಮ' ಎನ್ನುತ್ತಾರೆಯೇ? ಈಚೆಗೆ 'ಸಲಿಂಗ ಪ್ರೇಮ' ಎಂದು ಬರೆಯುವುದು ರೂಢಿಯಾಗಿದೆ, ಮೊದಲಿನದಕ್ಕಿಂತ ಅದು ಎಷ್ಟೋ ಮೇಲು. ಆದರೂ ವರದಿಯ ವಾಸನೆ ಹೋಗಿಲ್ಲ. ನಮ್ಮ ಅರ್ಥಧಾರಿ ಒಂದು ನಿಮಿಷ ಸುಮ್ಮನಿದ್ದು, ಲೋಟ ಕೆಳಗಿಟ್ಟು, "ಅವರಿಬ್ಬರಿಗೂ ಮನಸ್ಸಾಯಿತು" ಎಂದರು.

ಮನಸ್ಸಾಯಿತು. ನಮ್ಮ ಅಜ್ಜಿಯಂದಿರು ಆಡುತ್ತಿದ್ದ ಮಾತು. ಯಾರಿಗೆ ಯಾರ ಮೇಲೆ ಎಂಬ ಲೆಕ್ಕ ಆ ಮಾತಿನಲ್ಲಿಲ್ಲ. ರೂಮಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಒಬ್ಬರು ಸಕ್ಕರೆ ಕೇಳಿದರು. ಈ ಪುಸ್ತಕವನ್ನು ಯಾರಾದರೂ ಕನ್ನಡಕ್ಕೆ ತರುವುದಾದರೆ ಈ ಒಂದು ಮಾತನ್ನು ನಮ್ಮಿಂದ ಉಚಿತವಾಗಿ ಪಡೆಯಬಹುದು.

ಹೆನ್ನಿಂಗರ ಓದಿನ ಬಗ್ಗೆ ಎರಡು ಮಾತು. ಒಬ್ಬರೇ ಮನುಷ್ಯ ಆರು ಮಕ್ಕಳಿಗೂ ಬೇರೆ ಬೇರೆ ದನಿ ಇಟ್ಟಿದ್ದಾರೆ, ಯಾರು ಮಾತಾಡಿದರೆಂದು ಕೇಳಬೇಕಾಗಿಲ್ಲ. ಥಿಯೊಡೋರನಿಗೆ ಮಾತಿಲ್ಲ, ಬರೀ ಚಿಲಿಪಿಲಿ. ಮನೆಯವರಿಗೆಲ್ಲ ಅದು ತಿಳಿಯುತ್ತದೆ, ಲೈನಸನಿಗೆ ಮೊದಮೊದಲು ತಿಳಿಯುವುದಿಲ್ಲ, ವಾರ ಕಳೆದಂತೆ ಅಷ್ಟಿಷ್ಟು ಹತ್ತುತ್ತದೆ. ಹೊಸ ರೂಮಿಗೆ ಬಂದವನಿಗೆ ಅಲ್ಲಿನವರ ತುಳು, ಬ್ಯಾರಿ, ನವಾಯತಿ ಕಿವಿಗೆ ಹತ್ತುವ ಹಾಗೆ. ಕಾಗದದ ಮೇಲೆ ಓದಿದ್ದರೆ ಈ ಸೊಗಸು ನಮಗೆ ದಕ್ಕುತ್ತಿರಲಿಲ್ಲ. ಒಂದು ದೂರು ಇದೆ. ಕರುಣ ರಸ ಬಂದಾಗ ಹೆನ್ನಿಂಗ್ ಅದಕ್ಕೆ ಇನ್ನೆರಡು ಚಮಚ ಸಕ್ಕರೆ ಹಾಕುತ್ತಾರೆ. ಒಳ್ಳೆಯ ಅರ್ಥಧಾರಿ ಅಳುವ ಕಡೆ ದನಿ ತಗ್ಗಿಸುತ್ತಾರೆ. ಅಳುವುದು ಕೇಳುವವರ ಕೆಲಸ.

ಈಗ ಪುಸ್ತಕ ಇಲ್ಲಿ, ನೈಫಿನಲ್ಲಿ, ಯಾಕೆ ಇಷ್ಟು ಹಿಡಿಸಿತು ಎಂಬುದಕ್ಕೆ ಬರೋಣ. ದುಬೈಯಲ್ಲಿ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಐವತ್ತು ವರ್ಷದ ಗಂಡಸೂ 'ಬ್ಯಾಚುಲರ್'. ಮೊಮ್ಮಕ್ಕಳನ್ನು ಕಂಡವರೂ ಬ್ಯಾಚುಲರ್. 'ಫ್ಯಾಮಿಲಿ' ಎನ್ನುವುದು ಸಂಬಂಧಕ್ಕಿಂತ ಹೆಚ್ಚಾಗಿ ಒಂದು ವೀಸಾದ ಹೆಸರು. ತಿಂಗಳಿಗೆ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ಮತ್ತು ಮನೆ, ಇದ್ದರೆ ಮಾತ್ರ ಮನೆಯವರನ್ನು ಕರೆಸಬಹುದೆಂದು 2019ರಲ್ಲಿ ನಿಯಮವಾಯಿತು. ಅದಿಲ್ಲದವರು ಬೆಡ್‌ಸ್ಪೇಸಿನಲ್ಲಿ. ಆರು ಮಂಚ, ಒಂದು ಸ್ಟೌ, ಗೋಡೆಗೆ ಅಂಟಿಸಿದ ಅಡುಗೆಯ ಪಾಳಿ ಪಟ್ಟಿ. ಒಬ್ಬನ ತಾಯಿ ತೀರಿಕೊಂಡರೆ ಟಿಕೆಟಿಗೆ ದುಡ್ಡು ಕೂಡಿಸುವವರು, ಜ್ವರ ಬಂದರೆ ಗಂಜಿ ಬೇಯಿಸುವವರು, ಊರಿಗೆ ಹೋಗುವಾಗ ಪೆಟ್ಟಿಗೆ ತೂಗಿ ಕಟ್ಟಿಕೊಡುವವರು, ಎಲ್ಲ ಆ ಆರು ಮಂಚದವರೇ. 2020ರ ಮಾರ್ಚ್ 31ರಿಂದ ಏಪ್ರಿಲ್ ಕೊನೆಯವರೆಗೆ ಅಲ್ ರಾಸ್ ಮತ್ತು ನೈಫ್ ಪ್ರದೇಶ ಪೂರ್ತಿ ಮುಚ್ಚಿದಾಗ, ಬನಿಯಾಸ್ ಸ್ಕ್ವೇರ್ ಮೆಟ್ರೋ ನಿಲ್ದಾಣಕ್ಕೂ ಬೀಗ ಬಿದ್ದಾಗ, ಸುಮಾರು ನಾಲ್ಕು ವಾರ ನಮ್ಮ ಪಾಲಿಗೆ ಲೋಕವೆಂದರೆ ಒಂದು ರೂಮು. ಲೈನಸ್ ದ್ವೀಪದಲ್ಲಿ ಕಳೆದದ್ದೂ ಹೆಚ್ಚು ಕಡಿಮೆ ಅಷ್ಟೇ ದಿನ. ಪುಸ್ತಕ ಹೊರಬಂದದ್ದೂ ಅದೇ ಮಾರ್ಚಿನಲ್ಲಿ. ನಾವು ಅದನ್ನು ಕೇಳಿದ್ದು ಎಷ್ಟೋ ಆಮೇಲೆ. ಆದರೆ ಕೇಳುವಾಗ ಯಾರಿಗೂ ಆ ಮನೆಯ ದಾರಿ ಹೇಳಿಕೊಡಬೇಕಾಗಲಿಲ್ಲ.

ಹುಟ್ಟಿನಿಂದ ಬಂದ ಕುಟುಂಬ ಒಂದು, ಬದುಕಿನ ದಾರಿಯಲ್ಲಿ ಕಟ್ಟಿಕೊಂಡ ಕುಟುಂಬ ಇನ್ನೊಂದು. ಕ್ಲೂನರ ಪುಸ್ತಕ ಎರಡನೆಯದರ ಬಗ್ಗೆ. ಅದರ ಪ್ರೇಮ ಹುಟ್ಟುವುದು ಊಟದ ಮೇಜಿನ ಸುತ್ತ. ಲೈನಸನಿಗೆ ಮೊದಲು ಮಕ್ಕಳು ಬೇಕಾಗುತ್ತಾರೆ, ಆಮೇಲೆ ಮನೆ ಬೇಕಾಗುತ್ತದೆ, ಆ ಮನೆಯನ್ನು ನಡೆಸುವ ಮನುಷ್ಯ ಬೇಕೆಂದು ಕೊನೆಗೆ ತಿಳಿಯುತ್ತದೆ. ಪ್ರೇಮಕಥೆಗಳಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು. ಈ ಕ್ರಮವೇ ಪುಸ್ತಕದ ದೊಡ್ಡ ಜಾಣ್ಮೆ ಎಂದು ನಮ್ಮ ಅಭಿಪ್ರಾಯ. "ಉಂಡ ಮನೆಗೆ ರಿಪೋರ್ಟ್ ಬರೆಯುವುದು ಕಷ್ಟ ಮಾರಾಯ್ರೆ" ಎಂದು ನಮ್ಮ ಹಿರಿಯರು ಹೇಳಿದ್ದರಲ್ಲಿ ಅರ್ಧ ವಿಮರ್ಶೆ ಮುಗಿದುಹೋಯಿತು.

ಉಳಿದರ್ಧ ಅಷ್ಟು ಸಿಹಿಯಾಗಿಲ್ಲ. ಈ ಪುಸ್ತಕದ ಲೋಕದಲ್ಲಿ ಇಬ್ಬರು ಗಂಡಸರು ಮೆಚ್ಚಿಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ. ಲೈನಸನ ನೆರೆಮನೆಯ ಮುದುಕಿ ತನ್ನ ಮೊಮ್ಮಗನನ್ನೇ ಅವನಿಗೆ ಗಂಟು ಹಾಕಲು ನೋಡುತ್ತಾಳೆ, ನಮ್ಮೂರ ದೊಡ್ಡಮ್ಮಂದಿರು ಹೆಣ್ಣು ತೋರಿಸುವ ಹಾಗೆ. ಜನರ ದ್ವೇಷವೆಲ್ಲ ಮಾಂತ್ರಿಕ ಮಕ್ಕಳ ಮೇಲೆ. ಇದು ಲೇಖಕರ ಉಪಾಯ: ಪ್ರೇಮಕ್ಕೆ ಬೀಳಬೇಕಾದ ಕಲ್ಲನ್ನು ಬೇರೆ ಕಡೆಗೆ ಬೀಳಿಸುವುದು. ಕೇಳಲು ಹಿತ. ಆದರೆ "ಯಾರೂ ಏನೂ ಅನ್ನಲೇ ಇಲ್ಲವಾ?" ಎಂದು ರೂಮಿನಲ್ಲಿ ಒಬ್ಬರು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಇನ್ನೊಂದು, ಅಲ್ಲಿ ಕಠಿಣ ಫೈಲು ಒಂದು ಒಳ್ಳೆಯ ವರದಿಯಿಂದ ಕರಗಿಬಿಡುತ್ತದೆ. ಫೈಲುಗಳ ಮೇಲೆಯೇ ಬದುಕು ನಿಂತಿರುವ ನಮ್ಮಂಥವರಿಗೆ ರೆಕ್ಕೆಯ ಹಾವನ್ನು ನಂಬುವುದು ಸುಲಭ, ಈ ಫೈಲನ್ನು ನಂಬುವುದು ಕಷ್ಟ.

ಇದಕ್ಕಿಂತ ಭಾರವಾದ ಆಕ್ಷೇಪವೂ ಇದೆ. ಕೆನಡಾದಲ್ಲಿ 1950ರ ದಶಕದ ಕೊನೆಯಿಂದ 1980ರ ದಶಕದವರೆಗೆ ಅಲ್ಲಿನ ಮೂಲನಿವಾಸಿಗಳ ಸಾವಿರಾರು ಮಕ್ಕಳನ್ನು ಅವರ ಮನೆಗಳಿಂದ ಎತ್ತಿ ಬೇರೆಯವರಿಗೆ ಸಾಕಲು ಕೊಟ್ಟರು. ಆ ಚರಿತ್ರೆಯನ್ನು ಓದಿದ್ದೂ ಈ ಕಾದಂಬರಿಗೆ ಒಂದು ಪ್ರೇರಣೆಯೆಂದು ಕ್ಲೂನ್ ಅವರೇ ಹೇಳಿದರು. ಅಂಥ ನೋವಿನಿಂದ ಇಂಥ ಮಿಠಾಯಿ ಮಾಡುವುದೇ ಎಂದು ಹಲವರು ಕೇಳಿದರು. ಕೇಳಿದ್ದು ಸರಿ. ಲೂಸಿ, ಸಾಲ್ ಇವರಿಗೆ ತಾಯಂದಿರು ಎಲ್ಲಿ ಹೋದರೆಂದು ಕಾದಂಬರಿ ಕೇಳುವುದೇ ಇಲ್ಲ. ಕಟ್ಟಿಕೊಂಡ ಕುಟುಂಬವನ್ನು ಹೊಗಳುವಾಗ ಕಿತ್ತುಕೊಂಡ ಕುಟುಂಬವನ್ನು ಮರೆತರೆ ಆ ಮನೆಯ ಒಂದು ಗೋಡೆ ಪೊಳ್ಳಾಗುತ್ತದೆ. ಅದರಿಂದ ನಮ್ಮ ಸಂತೋಷ ಸುಳ್ಳಾಯಿತೆಂದು ಹೇಳುವುದಿಲ್ಲ, ಸ್ವಲ್ಪ ಕಡಿಮೆಯಾಯಿತೆಂದು ಹೇಳುತ್ತೇವೆ.

ಕನ್ನಡದ ಕಡೆ ತಿರುಗಿದರೆ ಸ್ಥಿತಿ ನೇರ ವಿರುದ್ಧ. ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಛಂದ ಪುಸ್ತಕದಿಂದ ಬಂತು. 'ನಮ್ಮಮ್ಮ ಅಂದ್ರೆ ನಂಗಿಷ್ಟ'ದ ಮೂಲಕ ಮನೆಮನೆಯ ಲೇಖಕರಾಗಿದ್ದವರು, ಸಂಡೂರಿನವರು, ಗಂಡಸನ್ನು ಪ್ರೀತಿಸುವ ಗಂಡಸಿನ ಕಥೆಗಳನ್ನು ಮುಚ್ಚುಮರೆಯಿಲ್ಲದೆ ಬರೆದು, ಇದು ನನ್ನ ಬದುಕೂ ಹೌದು ಎಂದರು. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು 377ನೆಯ ಕಲಮನ್ನು ಎತ್ತಿಹಿಡಿಯಿತು. ಅದು ಬಿದ್ದದ್ದು 2018ರ ಸೆಪ್ಟೆಂಬರ್ 6ರಂದು. ಅಂದರೆ ಪುಸ್ತಕ ಹೊರಬಂದಾಗ ಲೇಖಕರ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ರಶ್ಮಿ ತೇರದಾಳ ಅವರ ಇಂಗ್ಲಿಷ್ ಅನುವಾದ 2016ರಲ್ಲಿ ಬಂತು.

ಮೋಹನಸ್ವಾಮಿಗೆ ದ್ವೀಪವಿಲ್ಲ. ಅವನಿಗಿರುವುದು ಬೆಂಗಳೂರಿನ ಒಂದು ಮನೆ, ಜೊತೆಗೆ ಇರುವ ಕಾರ್ತಿಕ್. ಲೋಕದ ಲೆಕ್ಕದಲ್ಲಿ ಅವರು ರೂಮ್‌ಮೇಟುಗಳು. ಆ ಒಂದು ಪದದ ಕೆಳಗೆ ಏನೆಲ್ಲ ಅಡಗಬಹುದು ನೋಡಿ. ಕಾರ್ತಿಕ್ ಒಂದು ದಿನ ಹುಡುಗಿಯನ್ನು ನೋಡಿ ಮದುವೆಯಾಗುತ್ತಾನೆ. ಬಿಟ್ಟುಹೋದವನ ಹೆಸರು ಹೇಳಿ ಅಳುವ ಹಕ್ಕೂ ಮೋಹನಸ್ವಾಮಿಗೆ ಇಲ್ಲ. ರೂಮ್‌ಮೇಟ್ ಮದುವೆಯಾದರೆ ಯಾರಾದರೂ ಅಳುತ್ತಾರೆಯೇ, ಊಟ ಮಾಡಿ ಉಡುಗೊರೆ ಕೊಟ್ಟು ಬರಬೇಕು. ಕೊನೆಯ ಕಥೆಯಲ್ಲಿ ಅವನು ಕಿಲಿಮಂಜಾರೋ ಪರ್ವತ ಹತ್ತುತ್ತಾನೆ. ಅಷ್ಟು ದೂರ, ಅಷ್ಟು ಎತ್ತರ ಹೋದ ಮೇಲೆ ಅವನಿಗೆ ಉಸಿರಾಡಲು ಗಾಳಿ ಸಿಗುತ್ತದೆ. ಕ್ಲೂನರ ಪುಸ್ತಕ ಬಿಟ್ಟ ಪ್ರಶ್ನೆಗಳನ್ನೆಲ್ಲ ವಸುಧೇಂದ್ರ ಎತ್ತಿಕೊಂಡಿದ್ದಾರೆ. ಕಲೆಯ ದೃಷ್ಟಿಯಿಂದ ಯಾವುದು ಮೇಲೆಂದು ಕೇಳಿದರೆ ನಮಗೆ ಅನುಮಾನವೇ ಇಲ್ಲ. ಆದರೆ ಮೋಹನಸ್ವಾಮಿಯ ಮನೆಯಲ್ಲಿ ಊಟಕ್ಕೆ ಕೂರುವವರು ಯಾರೂ ಇಲ್ಲ. 2015ರ 'ನಾನು ಅವನಲ್ಲ ಅವಳು' ಚಿತ್ರದಲ್ಲಿ ದಿವಂಗತ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿಯ ಅಭಿನಯ ಕೊಟ್ಟರು, ನೋಡಿ ಎದೆ ಭಾರವಾಯಿತು. ಕನ್ನಡದಲ್ಲಿ ಇಂಥ ಬದುಕನ್ನು ಕುರಿತ ಕೃತಿಗಳು ಬಹುಮಟ್ಟಿಗೆ ನೋವಿನ ಕೃತಿಗಳೇ. ಗಡ್ಡದ ಹುಡುಗಿ ಗುದ್ದಲಿ ಹಿಡಿದು ನಗಿಸುವಂಥ ಒಂದು ಪುಸ್ತಕ ನಮ್ಮಲ್ಲೂ ಬೇಡವೇ? ಮೈಲ್ಯಾಂಗ್, ಸ್ಟೋರಿಟೆಲ್ ಮುಂತಾದವುಗಳಲ್ಲಿ ಕನ್ನಡವೂ ಈಗ ಕಿವಿಗೆ ಸಿಗುತ್ತಿದೆ. ಬರೆಯುವವರು ಬರೆದರೆ ಕೇಳುವವರು ಇಲ್ಲಿದ್ದೇವೆ.

ಹಾಗೆಂದು ಕಟ್ಟಿಕೊಂಡ ಕುಟುಂಬ ಅಮೆರಿಕದಿಂದ ಬಂದ ಕಲ್ಪನೆಯೆಂದು ಯಾರೂ ತಿಳಿಯಬಾರದು. ಬಳ್ಳಾರಿ ಸೀಮೆಯ ಜೋಗತಿಯರನ್ನು ನೋಡಿ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಲು ಹೊರಟವರಿಗೆ ಹುಟ್ಟಿದ ಮನೆಯ ಬಾಗಿಲು ಮುಚ್ಚಿದಾಗ ಯಲ್ಲಮ್ಮನ ಹೆಸರಿನಲ್ಲಿ ಇನ್ನೊಂದು ಮನೆ ತೆರೆಯುತ್ತದೆ, ಗುರುವೇ ತಾಯಿಯಾಗುತ್ತಾಳೆ. ಮಂಜಮ್ಮ ಜೋಗತಿಯವರಿಗೆ ಕಾಳವ್ವ ಜೋಗತಿ ಕುಣಿತ ಕಲಿಸಿದರು, ಅನ್ನ ಕೊಟ್ಟರು. ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ರಾಷ್ಟ್ರಪತಿಯವರಿಗೇ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ನಾವೆಲ್ಲ ಫೋನಿನಲ್ಲಿ ನೋಡಿದ್ದೇವೆ. ದೊಡ್ಡವರ ಮನೆಗೆ ಹೋದರೂ ತಾನು ತಾಯಿಯ ಸ್ಥಾನದಲ್ಲಿದ್ದೇನೆ ಎಂಬಂತಿತ್ತು. ಆ ಮನೆಯಲ್ಲಿ ಭಿಕ್ಷೆಯೂ ಇತ್ತು, ಹಸಿವೂ ಇತ್ತು. ಆದರೆ ಮನೆ ಎಂಬುದು ಇತ್ತು.

ಇಷ್ಟು ಉದ್ದ ಬರೆಯಲು ಒಂದು ಕಾರಣವಿದೆ. ಕೊನೆಯ ವಾರ ಲೋಟಗಳನ್ನು ತೊಳೆಯುವಾಗ ತಟ್ಟೆಯ ಕೆಳಗೆ ಒಂದು ಚೀಟಿ ಸಿಕ್ಕಿತು. ಅಂಗಡಿಯ ಬಿಲ್ಲಿನ ಹಿಂಬದಿ, ಬಾಲ್‌ಪೆನ್ನಿನ ಬರಹ, ಹೆಸರಿಲ್ಲ. "ಪತ್ರಿಕೆಯವರಿಗೆ: ಆ ಕಥೆಯಲ್ಲಿ ಇರುವಂಥ ಮನೆ ಎಲ್ಲಾದರೂ ಇರುತ್ತದೋ? ಬರೆಯಿರಿ. ನನಗೆ ಊರಿನಲ್ಲಿ ಹೆಣ್ಣು ನೋಡಿದ್ದಾರೆ." ಇಷ್ಟೇ. ಯಾರು ಬರೆದದ್ದೆಂದು ನಾವು ಹುಡುಕಲಿಲ್ಲ, ಹುಡುಕುವುದಿಲ್ಲ, ಓದುಗರೂ ಹುಡುಕಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಈ ನಾಡಿನ ಕಾನೂನು ಇಂಥ ಸಂಬಂಧಗಳನ್ನು ಒಪ್ಪುವುದಿಲ್ಲ. 2022ರಲ್ಲಿ 'ಲೈಟ್‌ಇಯರ್' ಎಂಬ ಮಕ್ಕಳ ಚಿತ್ರಕ್ಕೂ ಇಲ್ಲಿ ಪರವಾನಗಿ ಸಿಗಲಿಲ್ಲ. ನಾವು ದುಡಿಯಲು ಬಂದವರು, ಕಾನೂನಿನ ಒಳಗೇ ಇರುತ್ತೇವೆ. ಆದರೆ ಊರಿನಲ್ಲಿ ನೋಡಿರುವ ಆ ಹೆಣ್ಣುಮಗಳ ಬದುಕೂ ಈ ಚೀಟಿಯಲ್ಲಿದೆ. ಕಾರ್ತಿಕನ ಮದುವೆಯಲ್ಲಿ ಉಂಡು ಬಂದವರ ಕಥೆ ವಸುಧೇಂದ್ರರಲ್ಲಿ ಇದೆ. ಕಾರ್ತಿಕನ ಹೆಂಡತಿಯ ಕಥೆಯನ್ನು ಇನ್ನಾರಾದರೂ ಬರೆಯಬೇಕು.

ಚೀಟಿಯ ಪ್ರಶ್ನೆಗೆ ವಿಮರ್ಶಕರಾಗಿ ನಮ್ಮ ಉತ್ತರ: ಕ್ಲೂನರ ಮನೆ, ಅವರು ಕಟ್ಟಿದಂತೆ, ಎಲ್ಲಿಯೂ ಇಲ್ಲ. ಮೋಹನಸ್ವಾಮಿಯ ಮನೆ ಎಲ್ಲ ಊರುಗಳಲ್ಲೂ ಇದೆ. ರೂಮಿನವರಾಗಿ ನಮ್ಮ ಉತ್ತರ ಸ್ವಲ್ಪ ಬೇರೆ. ಹೊಸಬನೊಬ್ಬ ಬಂದಾಗ ನಾವು ಅವನ ಊರು ಕೇಳುತ್ತೇವೆ, ಸಂಬಳ ಕೇಳುತ್ತೇವೆ, ಎರಡನೆಯ ದಿನಕ್ಕೆ "ಮದುವೆ ಯಾವಾಗ?" ಎನ್ನುತ್ತೇವೆ. ದ್ವೀಪದ ಮನೆಯಲ್ಲಿ ಲೈನಸನಿಗೆ ಒಂದು ತಿಂಗಳು ಯಾರೂ ಆ ಪ್ರಶ್ನೆ ಕೇಳಲಿಲ್ಲ. ತಟ್ಟೆ ಹಾಕಿದರು. ಇಷ್ಟಾದರೆ ನಮ್ಮಿಂದಲೂ ಆದೀತು, ಇದಕ್ಕೆ ಮಂತ್ರಶಕ್ತಿ ಬೇಕಿಲ್ಲ. ಚೀಟಿ ಬರೆದವರು ಊರಿಗೆ ಹೋಗುವ ಮೊದಲು ನಮ್ಮಲ್ಲಿ ಯಾರೊಬ್ಬರ ಹತ್ತಿರವಾದರೂ ಮಾತಾಡುವುದಾದರೆ, ಕೇಳಿದ ಮಾತು ಕೇಳಿದವರಲ್ಲೇ ಉಳಿಯುತ್ತದೆ.

ಪುಸ್ತಕದ ಎರಡನೆಯ ಭಾಗ 'ಸಮ್‌ವೇರ್ ಬಿಯಾಂಡ್ ದಿ ಸೀ' 2024ರ ಸೆಪ್ಟೆಂಬರಿನಲ್ಲಿ ಬಂದಿದೆ. ದನಿ ಹೆನ್ನಿಂಗರದೇ, ಕಥೆ ಈ ಸಲ ಆರ್ಥರನ ಕಡೆಯಿಂದ. ನಾವು ಮೂರು ಗಂಟೆ ಕೇಳಿ ನಿಲ್ಲಿಸಿದೆವು. ಮಕ್ಕಳು ಮೊದಲಿನಷ್ಟೇ ಚೆನ್ನ, ಆದರೆ ದೊಡ್ಡವರು ಭಾಷಣಕ್ಕೆ ನಿಲ್ಲುವುದು ಹೆಚ್ಚಾಗಿದೆ. ಮೊದಲನೆಯದನ್ನು ಕೇಳಿ, ಇದನ್ನು ಪುರಸೊತ್ತಿದ್ದರೆ ನೋಡಿ.

ಮುಂದಿನ ಸಲದಿಂದ ಅದೇ ರೂಮಿನಲ್ಲಿ 'ಮೋಹನಸ್ವಾಮಿ'ಯನ್ನು ನಾವೇ ಗಟ್ಟಿಯಾಗಿ ಓದಿ ಕೇಳುವುದೆಂದು ನಿಶ್ಚಯವಾಗಿದೆ. ನಮ್ಮ ಕಪಾಟಿನಲ್ಲಿ ಇರುವುದು ಒಂದೇ ಪ್ರತಿ, ರಟ್ಟು ಸಡಿಲವಾಗಿದೆ, ದಯವಿಟ್ಟು ಯಾರೂ ಮನೆಗೆ ಒಯ್ಯಬಾರದು. ಓದಲು ಬಳ್ಳಾರಿ ಕಡೆಯ ಕನ್ನಡ ಬಲ್ಲವರೊಬ್ಬರು ಬೇಕಾಗಿದ್ದಾರೆ. ಕರಾವಳಿಯವರ ಬಾಯಲ್ಲಿ ಆ ಮಾತಿನ ಸೊಗಸು ಹೊರಡುವುದಿಲ್ಲ. ಸುಲೈಮಾನಿಯ ಖರ್ಚು ತಲಾ ಎರಡು ದಿರ್ಹಮ್.